ನಕ್ಕವರಿಗೂ ಹೊಣೆಯುಂಟು



6, 7, 8ನೆಯ ತರಗತಿಗಳ ಮಕ್ಕಳಲ್ಲಿ ಕೀಟಲೆ ಸಹಜವಾದುದು. ಆದರೆ ಬಲವುಳ್ಳವನು ಬಲಹೀನನನ್ನು ಬೇಕೆಂದೇ ಮತ್ತೆ ಮತ್ತೆ ನೋಯಿಸಿದರೆ ಅದು ಕೀಟಲೆಯಲ್ಲ, ಪೀಡನೆ. 1970ರ ದಶಕದಿಂದ ಈ ವಿಷಯವನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್‌ರು ಗುರುತಿಸಿದ ಲಕ್ಷಣಗಳೂ ಇವೇ.

ತಾಂಡವಪುರದ ಕಾರ್ಖಾನೆಗಳಲ್ಲಿ ಕೆಲಸವನ್ನರಸಿ ಹೊರಗಿನಿಂದ ಬಂದ ಕುಟುಂಬಗಳುಂಟು. ಅಂತಹ ಮನೆಯ ಮಗುವಿನ ಹರಕು ಕನ್ನಡವನ್ನು ಒಬ್ಬನು ಅಣಕಿಸಿದಾಗ ಹತ್ತು ಮಂದಿ ನಕ್ಕರೆ, ಆ ನಗುವೇ ಅವನ ಬಲ. ಆದುದರಿಂದ ನೋಡುತ್ತ ನಿಂತವರಿಗೂ ಕಲಿಸೋಣ: ನಗಬೇಡ, ನೊಂದವನ ಪಕ್ಕದಲ್ಲಿ ಕುಳಿತುಕೊ, ಶಿಕ್ಷಕರಿಗೆ ತಿಳಿಸು. ಒಬ್ಬನನ್ನು ಸಿಕ್ಕಿಸಲು ಹೇಳುವುದು ಚಾಡಿ. ಒಬ್ಬನನ್ನು ಉಳಿಸಲು ಹೇಳುವುದು ಕರ್ತವ್ಯ.

ತಮಾಷೆಗೆಂದೇ ಆದರೂ, ಘನತೆಗೆ ಕುಂದು ತರುವ ಕೃತ್ಯಕ್ಕೆ ವಿದ್ಯಾರ್ಥಿಯನ್ನು ಬಲವಂತಪಡಿಸುವುದನ್ನು 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗ್ ಎಂದು ಪರಿಗಣಿಸಿ ಶಿಕ್ಷಾರ್ಹವಾಗಿಸಿದೆ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಲಭ್ಯವಿದೆ.

ತಂದೆತಾಯಿಗಳೇ, "ನೀನೂ ಎರಡು ಬಾರಿಸು" ಎಂದು ಮಗುವನ್ನು ಕಳುಹಿಸದಿರಿ. ಶಾಲೆಗೆ ಹೋಗಲು ಅದು ಹಿಂಜರಿದರೆ ಗದರುವ ಮೊದಲು ಕಾರಣವನ್ನು ಕೇಳಿರಿ. ಪೀಡಿಸಿದವನೂ ನಮ್ಮದೇ ಮಗು. ಅವನನ್ನು ಹತ್ತು ಜನರ ಮುಂದೆ ಅವಮಾನಿಸದೆ ತಿದ್ದೋಣ. ಅವಮಾನವನ್ನುಂಡ ಮಗು ಅದನ್ನೇ ಮತ್ತೊಬ್ಬರಿಗೆ ಬಡಿಸೀತು.