ಗಿಡ್ಡವಾದ ಸ್ವೆಟರು, ಅಳತೆಯಿಲ್ಲದ ಕಂಬಳಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಕರಿಯ ಕಂಬಳಿಗೆ ಅಳತೆಯ ಗೊಡವೆಯಿಲ್ಲ. ಅಜ್ಜ ಹೊದ್ದರೆ ಅಜ್ಜನಿಗೆ ಸರಿ, ಮೊಮ್ಮಗ ಹೊದ್ದರೆ ಮೊಮ್ಮಗನಿಗೆ ಸರಿ. ಮಳೆಗಾಲದಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಗದ್ದೆಯ ಕೆಲಸ ನಿಲ್ಲದು. ಸ್ವೆಟರಿನ ಸ್ಥಿತಿ ಹಾಗಲ್ಲ. ಅದು ಒಂದು ದೇಹಕ್ಕೆ, ಒಂದು ವಯಸ್ಸಿಗೆ ಹೆಣೆದ ಉಡುಪು. ಎಂಟನೆಯ ತರಗತಿಯಲ್ಲಿ ಒಪ್ಪುವ ಸ್ವೆಟರು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೇರಿರುತ್ತದೆ. ಆಗ ಸಂತೆಯಿಂದ ಅಗ್ಗದ ಹೊಸದು ಬರುತ್ತದೆ. ಹಳೆಯದು ಮೂಲೆಗೆ ಅಥವಾ ಹಿತ್ತಿಲ ಬೆಂಕಿಗೆ ಹೋಗುತ್ತದೆ. ಆ ಹಳೆಯದನ್ನೇ ಬೆಳೆದ ಮಗುವಿನ ಮೈಗೆ ಹೊಂದಿಸುವುದು ಹೇಗೆ, ಅದರಿಂದ ಉಳಿಯುವುದೇನು ಎಂಬುದೇ ಇಂದಿನ ವಿಷಯ.

ಕತ್ತರಿಸಿ ಹೊಲಿದ ಅಂಗಿಗಿಲ್ಲದ ಒಂದು ಗುಣ ಹೆಣಿಗೆಗಿದೆ. ಅದು ಒಂದೇ ಎಳೆ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗಿದ ವಸ್ತು. ಬಿಚ್ಚಿದರೆ ಮತ್ತೆ ನೂಲು, ಹೆಣೆದರೆ ಮತ್ತೆ ಉಡುಪು.

ಮೊದಲು ಎಳೆಯ ಗುರುತು ತಿಳಿಯಬೇಕು. ಒಳಹೊಲಿಗೆಯಿಂದ ಅಂಗುಲದಷ್ಟು ನೂಲು ತೆಗೆದು, ಹಿರಿಯರ ಎದುರು, ಬಯಲಿನಲ್ಲಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಬೇಕು. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪೆಟ್ರೋಲಿಯಂ ಮೂಲದ ಅಕ್ರಿಲಿಕ್‌ನಂಥ ಕೃತಕ ನೂಲು. ಅಕ್ರಿಲಿಕ್ ಉರಿದಾಗ ಹೈಡ್ರೋಜನ್ ಸೈನೈಡ್ ಎಂಬ ವಿಷಾನಿಲ ಹೊರಬರುತ್ತದೆ. ಆದ್ದರಿಂದ ಪರೀಕ್ಷೆಗೆ ಚಿಕ್ಕ ತುಂಡು ಸಾಕು. ಹಳೆಯ ಸ್ವೆಟರನ್ನು ಒಲೆಗೆ ಹಾಕುವುದಂತೂ ಸಲ್ಲದು.

ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವಂತೆ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಹಾಗೆ ಜಡ್ಡುಗಟ್ಟಿದ್ದನ್ನು ಬಿಚ್ಚಲಾಗದು. ಕತ್ತರಿಸಿ ಟೋಪಿಯನ್ನೋ ಪಾತ್ರೆ ಹಿಡಿಯುವ ಬಟ್ಟೆಯನ್ನೋ ಮಾಡಬಹುದು. ಆದಕಾರಣ, ದೊಡ್ಡದಾದ ಸ್ವೆಟರನ್ನು ಕುಗ್ಗಿಸಲು ಕುದಿನೀರಿಗೆ ಹಾಕುವುದು ಜೂಜು. ಪಕ್ಕದ ಹೊಲಿಗೆಗಳನ್ನು ಒಳಕ್ಕೆ ಹಿಡಿದು ಹೊಲಿಯುವುದೇ ಲೇಸು.

ತುಸು ಬಿಗಿಯಾದ ಉಣ್ಣೆಯ ಸ್ವೆಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಾಪೆಯ ಮೇಲೆ ಬೇಕಾದ ಅಳತೆಗೆ ಎಳೆದು ಗುಂಡುಸೂಜಿ ಚುಚ್ಚಿ ನೆರಳಿನಲ್ಲಿ ಒಣಗಿಸಿದರೆ ಒಂದೆರಡು ಅಂಗುಲ ಸಡಿಲ ಸಿಗುತ್ತದೆ. ಅಕ್ರಿಲಿಕ್‌ಗೆ ಈ ಉಪಾಯ ಸಲ್ಲದು. ಇಸ್ತ್ರಿಯ ಶಾಖಕ್ಕೆ ಅದು ಒಮ್ಮೆ ಜೋತುಬಿದ್ದರೆ ಮರಳಿ ಬಿಗಿಯಾಗುವುದಿಲ್ಲ.

ತೋಳು ಮಾತ್ರ ಗಿಡ್ಡವಾಗಿದ್ದರೆ ಇಡೀ ಸ್ವೆಟರನ್ನು ಬಿಚ್ಚಬೇಕಿಲ್ಲ. ಮಣಿಕಟ್ಟಿನ ಪಟ್ಟಿಯ ಮೇಲಿನ ಸಾಲಿನಲ್ಲಿ ಒಂದು ಕುಣಿಕೆ ಕತ್ತರಿಸಿ ಆ ಸಾಲಿನ ಎಳೆಯನ್ನು ಹೊರಗೆಳೆದರೆ ಪಟ್ಟಿ ಬೇರೆಯಾಗುತ್ತದೆ. ಬಿಡುಗಡೆಯಾದ ಕುಣಿಕೆಗಳನ್ನು ಕಡ್ಡಿಗೆ ಏರಿಸಿಕೊಂಡು ಬೇಕಾದಷ್ಟು ಉದ್ದ ಹೆಣೆದು ಹೊಸ ಪಟ್ಟಿಯೊಂದಿಗೆ ಮುಗಿಸಬಹುದು. ಎದೆಸುತ್ತು ಸಾಲದಿದ್ದರೆ ಎರಡೂ ಪಕ್ಕೆಗಳ ಹೊಲಿಗೆ ಬಿಚ್ಚಿ, ಕಂಕುಳಿನಿಂದ ಕೆಳಗಿನವರೆಗೆ ಹೆಣೆದ ಪಟ್ಟಿಗಳನ್ನು ಸೇರಿಸಬಹುದು.

ಪೂರ್ತಿ ಬಿಚ್ಚುವುದಾದರೆ ಮೊದಲು ಒಳಹೊಲಿಗೆಯನ್ನು ಪರೀಕ್ಷಿಸಬೇಕು. ಕಾರ್ಖಾನೆಯಲ್ಲಿ ಕತ್ತರಿಸಿ ಓವರ್‌ಲಾಕ್ ಮಾಡಿದ ಸ್ವೆಟರಿನಲ್ಲಿ ಎಳೆ ಪ್ರತಿ ಸಾಲಿಗೂ ತುಂಡಾಗಿರುತ್ತದೆ. ಅದು ಬಿಚ್ಚಲು ಯೋಗ್ಯವಲ್ಲ. ಕೈಹೆಣಿಗೆಯನ್ನು ಮುಗಿಸಿದ ಅಂಚಿನಿಂದ ಬಿಚ್ಚುತ್ತ ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಬೇಕು. ನೆನೆಸಿ, ಹಗುರವಾದ ಭಾರ ತೂಗುಹಾಕಿ ಒಣಗಿಸಿದರೆ ನೂಲಿನ ಸುಕ್ಕು ಹೋಗುತ್ತದೆ.

ಇಲ್ಲಿ ವಿದ್ಯಾರ್ಥಿಗಳ ಗಣಿತಕ್ಕೂ ಕೆಲಸವಿದೆ. ಮಾದರಿ ತುಂಡಿನ 10 ಸೆಂಟಿಮೀಟರಿಗೆ 20 ಕುಣಿಕೆ ಬಂದರೆ 80 ಸೆಂ.ಮೀ. ಸುತ್ತಳತೆಗೆ 160 ಕುಣಿಕೆ, 88 ಸೆಂ.ಮೀ.ಗೆ 176. ಅಗಲವೂ ಉದ್ದವೂ ಶೇಕಡಾ 10ರಷ್ಟು ಹೆಚ್ಚಿದರೆ ನೂಲು ಶೇಕಡಾ 10 ಅಲ್ಲ, 21ರಷ್ಟು ಹೆಚ್ಚು ಬೇಕು. ಅದನ್ನು ಇನ್ನೊಂದು ಹಳೆಯ ಸ್ವೆಟರು ತುಂಬಿಕೊಡಲಿ. ಬಣ್ಣದ ಪಟ್ಟೆ ಬಂದರೆ ಅದು ಕೊರತೆಯಲ್ಲ, ಮಗು ಬೆಳೆದುದಕ್ಕೆ ಗುರುತು.

ಒಂದು ಸ್ವೆಟರಿಗೆ ಇಷ್ಟೊಂದು ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಹಾವೇರಿ ಜಿಲ್ಲೆಯ ನೆಲದಲ್ಲೇ ಇದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನ್ ಬಟ್ಟೆಗೆ ಬೇಕಾದ ತಿರುಳನ್ನು ಮರದಿಂದ ತಯಾರಿಸತೊಡಗಿತು. ಅದಕ್ಕೆ ನೀಲಗಿರಿ ಒದಗಿಸಲು 1984ರಲ್ಲಿ ಸರ್ಕಾರ ಮತ್ತು ಆ ಕಂಪನಿಯ ಜಂಟಿ ಒಡೆತನದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆ ಹುಟ್ಟಿತು; ಗೋಮಾಳ ಮತ್ತು ಸಾಮೂಹಿಕ ಭೂಮಿಯತ್ತ ಅದರ ಕೈ ಚಾಚಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿ ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. ಬಟ್ಟೆಯ ಎಳೆಗಾಗಿ ಹಳ್ಳಿಯ ಮೇವಿನ ಭೂಮಿ ಹೋಗಬಹುದೆಂಬ ಪಾಠವನ್ನು ಈ ಜಿಲ್ಲೆ ಹೀಗೆ ಕಲಿತಿತು.

ಮೇವಿನ ಭೂಮಿ ಹೋದರೆ ಕುರಿ ಹೋಗುತ್ತದೆ, ಕುರಿ ಹೋದರೆ ಕಂಬಳಿ ಹೋಗುತ್ತದೆ. ಕುರುಬರ ಮನೆಯ ಹೆಂಗಸರು ನೂತ ಕರಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಮಗ್ಗಕ್ಕೇರಿಸುವ ವಿದ್ಯೆ ಹುಲ್ಲಿನಿಂದಲೇ ಆರಂಭವಾಗುತ್ತದೆ. ಆ ಜಾಗಕ್ಕೆ ಬರುತ್ತಿರುವುದು ಅಕ್ರಿಲಿಕ್. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಮಿಕ್ಕಿ ಸೂಕ್ಷ್ಮ ಎಳೆಗಳು ನೀರು ಸೇರಬಹುದು. ಹಳ್ಳದ ಕಲ್ಲಿನ ಮೇಲೆ ಒಗೆದರೂ ಎಳೆ ಸೇರುವುದು ಹಳ್ಳವನ್ನೇ.

ಹಾಗೆಂದು ಮಗುವಿನ ಮೈಮೇಲಿರುವ ಅಕ್ರಿಲಿಕ್ ಸ್ವೆಟರನ್ನು ಎಸೆಯಬೇಕಿಲ್ಲ. ಎಸೆದರೆ ಅದೂ ಕಸ, ಬದಲಿಗೆ ಕೊಂಡದ್ದೂ ನಾಳಿನ ಕಸ. ಇದ್ದುದನ್ನು ಹೊಂದಿಸಿ, ಕಡಿಮೆ ಒಗೆದು, ಹೆಚ್ಚು ವರ್ಷ ತೊಡುವುದೇ ವಿವೇಕ. ಹೊಸದು ಬೇಕೇ ಆದಾಗ ಉಣ್ಣೆಯನ್ನು ಕೇಳಬೇಕು. ದಖ್ಖನಿ ಕುರಿಯ ಉಣ್ಣೆ ಬರಿಮೈಗೆ ಚುಚ್ಚುತ್ತದೆ, ನಿಜ. ಅಂಗಿಯ ಮೇಲೆ ಹೊದೆಯುವ ಕಂಬಳಿಗೆ ಆ ದೋಷ ಅಡ್ಡಿಯಲ್ಲ.

2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಕೊಳ್ಳುವವರು ಅದು ಬ್ಯಾಡಗಿಯದೇ ಹೌದೇ ಎಂದು ಮುರಿದು, ಮೂಸಿ, ಬಣ್ಣ ನೋಡಿ ವಿಚಾರಿಸುತ್ತಾರೆ. ಮೈಗೆ ತೊಡುವ ಎಳೆ ಯಾವ ನೆಲದ್ದೆಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಚಳಿಗಾಲದಲ್ಲಿ ಪ್ರತಿ ಶಾಲೆಯಲ್ಲಿ ಒಂದು ಮಧ್ಯಾಹ್ನ, ಹೆಣಿಗೆ ಬಲ್ಲ ಒಬ್ಬ ಅಜ್ಜಿಯ ಸುತ್ತ ಮಕ್ಕಳು ತಮ್ಮ ಗಿಡ್ಡ ಸ್ವೆಟರುಗಳೊಂದಿಗೆ ಕುಳಿತರೆ ಆ ಪ್ರಶ್ನೆ ಅಲ್ಲಿಂದಲೇ ಆರಂಭವಾದೀತು.