ವಾಲ್ವ್ ಮುಚ್ಚುವ ಹೊತ್ತು



ತಂತ್ರಜ್ಞಾನದ ವಿಷಯವೊಂದನ್ನು ಕನ್ನಡದಲ್ಲೇ ಬಿಡಿಸಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡಿರುವುದು ಕಾರುಗಳ ಹಿಂಬದಿಯಲ್ಲಿ ವಿವಿಟಿ, ವಿಟೆಕ್ ಎಂಬ ಅಕ್ಷರಗಳಾಗಿ ಎಲ್ಲರ ಕಣ್ಣಿಗೂ ಬಿದ್ದಿರುವ, ಇಂಜಿನ್ ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಬದಲಿಸುವ ವ್ಯವಸ್ಥೆ. ಆ ಅಕ್ಷರಗಳನ್ನು ಕಂಡವರು ಗಾಡಿಗೆ ಪಿಕಪ್ ಜಾಸ್ತಿ ಎಂದುಕೊಳ್ಳುತ್ತಾರೆ. ಅದು ನಿಜವೇ. ಆದರೂ ಅದರ ದೊಡ್ಡ ಸಾಧನೆ ಬೇರೆ ಕಡೆ ಇದೆ ಎಂಬುದು ನನ್ನ ವಾದ. ಆಕ್ಸಿಲರೇಟರನ್ನು ಅರ್ಧವೂ ಒತ್ತದೆ ಊರೊಳಗೆ ಓಡಾಡುವ ಸಾಧಾರಣ ಕಾರಿನಲ್ಲಿ ಅದು ಪೆಟ್ರೋಲ್ ಉಳಿಸಿತು, ಹೊಗೆಯ ವಿಷವನ್ನು ಇಳಿಸಿತು.

ಇಂಜಿನ್ ಉಸಿರಾಡುವುದು ವಾಲ್ವ್‌ಗಳ ಮೂಲಕ. ಗಾಳಿ ಒಳಬರುವುದಕ್ಕೆ ಒಂದು ದಾರಿ, ಸುಟ್ಟ ಅನಿಲ ಹೊರಹೋಗುವುದಕ್ಕೆ ಇನ್ನೊಂದು. ಇವನ್ನು ತೆರೆಯುವುದು ಕ್ಯಾಮ್‌ಶಾಫ್ಟ್ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳು, ಮುಚ್ಚುವುದು ಸ್ಪ್ರಿಂಗ್. ಪಿಸ್ಟನ್ನಿನ ಏರಿಳಿತದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಟೈಮಿಂಗ್ ಚೈನ್ ಕ್ಯಾಮ್‌ಶಾಫ್ಟನ್ನು ಒಂದು ಸುತ್ತು ತಿರುಗಿಸುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಪಿಸ್ಟನ್ ಒಮ್ಮೆ ಕೆಳಗಿಳಿದು ಗಾಳಿ ಎಳೆದುಕೊಳ್ಳಲು ಆಗ ಸಿಗುವುದು 5 ಮಿಲಿಸೆಕೆಂಡ್. ಸಿಗ್ನಲ್‌ನಲ್ಲಿ ನಿಂತ ಕಾರಿನ ಇಂಜಿನ್ 800 ಸುತ್ತಿನಲ್ಲಿರುವಾಗ ಅದೇ ಕೆಲಸಕ್ಕೆ 37.5 ಮಿಲಿಸೆಕೆಂಡ್ ಇರುತ್ತದೆ.

ತೊಡಕು ಹುಟ್ಟುವುದು ಇಲ್ಲೇ. ಗಾಳಿಗೂ ತೂಕವಿದೆ, ಓಟದ ರಭಸವಿದೆ. ವೇಗದಲ್ಲಿ ಪಿಸ್ಟನ್ ತಳ ಮುಟ್ಟಿ ಮೇಲೇರಲು ತೊಡಗಿದ ಮೇಲೂ ಗಾಳಿ ತನ್ನ ರಭಸಕ್ಕೆ ಒಳನುಗ್ಗುತ್ತಲೇ ಇರುತ್ತದೆ. ಜಾತ್ರೆಯ ಬಸ್ಸಿಗೆ ಜನ ಹತ್ತುತ್ತಿರುವಾಗ ಕಂಡಕ್ಟರ್ ತುಸು ತಡೆದು ಸೀಟಿ ಊದಿದರೆ ಇನ್ನೂ ನಾಲ್ಕು ಜನ ಒಳಸೇರುತ್ತಾರಲ್ಲ, ಹಾಗೆ ವಾಲ್ವನ್ನು ತುಸು ತಡವಾಗಿ ಮುಚ್ಚಿದರೆ ಲಾಭ. ನಿಧಾನಗತಿಯಲ್ಲಾದರೆ ಆ ರಭಸವಿರುವುದಿಲ್ಲ. ತಡ ಮಾಡಿದರೆ ಮೇಲೇರುವ ಪಿಸ್ಟನ್ ಒಳಬಂದ ಗಾಳಿಯನ್ನೇ ವಾಪಸ್ಸು ತಳ್ಳಿಬಿಡುತ್ತದೆ. ಎರಡು ಬಗೆಯ ವಾಲ್ವ್‌ಗಳೂ ಒಟ್ಟಿಗೆ ತೆರೆದಿರುವ ಕ್ಷಣದ್ದೂ ಇದೇ ಕಥೆ. ವೇಗದಲ್ಲಿ ಹೊರಹೋಗುವ ಅನಿಲ ಹೊಸ ಗಾಳಿಯನ್ನು ತನ್ನ ಹಿಂದೆ ಸೆಳೆಯುತ್ತದೆ. ಐಡ್ಲಿಂಗ್‌ನಲ್ಲಿ ಸುಟ್ಟ ಅನಿಲ ಒಳದಾರಿಗೆ ಮರಳಿ ನುಗ್ಗಿ ಇಂಜಿನ್ ನಡುಗುತ್ತದೆ. ಆದ್ದರಿಂದ ಸುಮಾರು ನೂರು ವರ್ಷಗಳ ಕಾಲ ವಿನ್ಯಾಸಕಾರರು ಎಲ್ಲೋ ನಡುವೆ ಒಂದು ರಾಜಿ ಮಾಡಿಕೊಂಡು, ಅದನ್ನು ಉಕ್ಕಿನಲ್ಲಿ ಕಡೆದು ಕೂರಿಸಿಬಿಡುತ್ತಿದ್ದರು.

ಆ ರಾಜಿಯನ್ನು ಮಾರುಕಟ್ಟೆಯ ಕಾರಿನಲ್ಲಿ ಮೊದಲು ಮುರಿದದ್ದು ಇಟಲಿಯ ಆಲ್ಫಾ ರೋಮಿಯೊ, 1980ರ ಸ್ಪೈಡರ್ ಕಾರಿನಲ್ಲಿ. ಅಮೆರಿಕದ ಹೊಗೆ ನಿಯಮಗಳಿಗೆ ಹೊಂದಬೇಕಾದ ಇಂಜಿನ್ ಅದು. ಜಗತ್ತು ಕಣ್ಣರಳಿಸಿದ್ದು ಮಾತ್ರ 1989ರಲ್ಲಿ, ಹೋಂಡಾ ಇಂಟೆಗ್ರಾದ ವಿಟೆಕ್ ಇಂಜಿನ್ ಬಂದಾಗ. ಇಕುವೊ ಕಜಿತಾನಿ ಅವರ ನೇತೃತ್ವದ ತಂಡ 1,595 ಸಿಸಿ ಇಂಜಿನ್‌ನಿಂದ, ಟರ್ಬೊ ಇಲ್ಲದೆ, 160 ಅಶ್ವಶಕ್ತಿ ತೆಗೆಯಿತು. ಎರಡೆರಡು ವಾಲ್ವ್‌ಗಳ ಮೇಲೆ ಮೂರು ಉಬ್ಬು, ಉಬ್ಬಿನ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ಮೂರು ರಾಕರ್ ಆರ್ಮ್. ನಿಧಾನಗತಿಯಲ್ಲಿ ಅಂಚಿನ ಎರಡು ಸಣ್ಣ ಉಬ್ಬುಗಳು ವಾಲ್ವ್ ತಳ್ಳುತ್ತವೆ; ನಡುವಿನ ದೊಡ್ಡದು ಸುಮ್ಮನೆ ತಿರುಗುತ್ತಿರುತ್ತದೆ. ಸುಮಾರು 5,000 ಸುತ್ತಿನ ಹೊತ್ತಿಗೆ ಆಯಿಲ್ ಒತ್ತಡ ಒಂದು ಪಿನ್ನನ್ನು ಸರಿಸಿ ಮೂರೂ ಆರ್ಮ್‌ಗಳನ್ನು ಬೆಸೆಯುತ್ತದೆ. ಅಲ್ಲಿಂದ ದೊಡ್ಡ ಉಬ್ಬಿನದೇ ಆಳ್ವಿಕೆ: ವಾಲ್ವ್ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆಯುತ್ತದೆ. ಇಷ್ಟು ಸರಳವಾದ ಜಾಣ್ಮೆ ಯಂತ್ರಶಾಸ್ತ್ರದಲ್ಲಿ ಅಪರೂಪ.

ಇಂದು ಹೆಚ್ಚಿನ ಕಾರುಗಳಲ್ಲಿರುವುದು ಇನ್ನೊಂದು ಬಗೆ. ಇದರಲ್ಲಿ ಉಬ್ಬು ಬದಲಾಗದು, ಅದರ ಹೊತ್ತು ಬದಲಾಗುತ್ತದೆ. ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಅಂಗೈಯಗಲದ ಒಂದು ಗಟ್ಟಿ ಬಿಲ್ಲೆ ಇರುತ್ತದೆ. ಅದರ ಹೊರಕವಚವನ್ನು ಚೈನ್ ತಿರುಗಿಸುತ್ತದೆ. ಒಳಗಿನ ರೆಕ್ಕೆಗಳುಳ್ಳ ಚಕ್ರ ಕ್ಯಾಮ್‌ಶಾಫ್ಟಿಗೆ ಬಿಗಿದಿರುತ್ತದೆ. ರೆಕ್ಕೆಗಳ ಎರಡೂ ಬದಿಯ ಕೋಣೆಗಳಲ್ಲಿ ತುಂಬಿರುವುದು ಇಂಜಿನ್ ಆಯಿಲ್. ಒಂದು ಬದಿಗೆ ಒತ್ತಡ ಹೆಚ್ಚಿಸಿದರೆ ಒಳಚಕ್ರ ಕವಚಕ್ಕಿಂತ ಮುಂದಕ್ಕೆ ಜರುಗುತ್ತದೆ, ಇನ್ನೊಂದು ಬದಿಗೆ ಹೆಚ್ಚಿಸಿದರೆ ಹಿಂದಕ್ಕೆ. ಕ್ರ್ಯಾಂಕ್‌ಶಾಫ್ಟಿನ ಲೆಕ್ಕದಲ್ಲಿ 40, 50 ಡಿಗ್ರಿಯವರೆಗೂ ಹೀಗೆ ಜರುಗಿಸಬಹುದು. ಎರಡು ಸೆನ್ಸರ್‌ಗಳು ಕ್ರ್ಯಾಂಕ್ ಎಲ್ಲಿದೆ, ಕ್ಯಾಮ್ ಎಲ್ಲಿದೆ ಎಂದು ಹೇಳುತ್ತಿರುತ್ತವೆ. ಕಂಪ್ಯೂಟರ್ ವಿದ್ಯುತ್ತಿನಿಂದ ನಡೆಯುವ ಒಂದು ಸೊಲೆನಾಯ್ಡ್ ಮೂಲಕ ಆಯಿಲ್‌ನ ದಾರಿ ತಿದ್ದುತ್ತಿರುತ್ತದೆ. ಸ್ಟಾರ್ಟ್ ಮಾಡುವಾಗ ಆಯಿಲ್ ಒತ್ತಡ ಇನ್ನೂ ಏರಿರುವುದಿಲ್ಲ. ಆ ಗಳಿಗೆಗೆಂದೇ ಒಂದು ಲಾಕ್ ಪಿನ್ ಚಕ್ರವನ್ನು ಹಿಡಿದಿಟ್ಟಿರುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪೆಟ್ರೋಲ್ ಇಂಜಿನ್ ಹಗುರ ಹೊರೆಯಲ್ಲಿ ಓಡುವಾಗ ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್ ಪ್ರತಿ ಸಲವೂ ಆ ಕಿರಿದಾದ ಸಂದಿಯಿಂದ ಗಾಳಿಯನ್ನು ತಿಣುಕಿ ಎಳೆಯಬೇಕು. ಇಂಧನದ ಒಂದು ಪಾಲು ಈ ಎಳೆದಾಟಕ್ಕೇ ಖರ್ಚು. ಒಳವಾಲ್ವನ್ನು ಬೇಕೆಂದೇ ಬಹಳ ತಡವಾಗಿ ಮುಚ್ಚಿದರೆ? ಥ್ರಾಟಲನ್ನು ಅಗಲಕ್ಕೆ ತೆರೆದು ಗಾಳಿಯನ್ನು ಸಲೀಸಾಗಿ ಎಳೆದುಕೊಂಡು, ಬೇಡದಷ್ಟನ್ನು ಹಿಂದಕ್ಕೆ ಕಳಿಸಬಹುದು. ಒತ್ತುವ ದೂರ ಚಿಕ್ಕದು, ಉರಿದ ಅನಿಲ ಹಿಗ್ಗುವ ದೂರ ದೊಡ್ಡದು; ಅದೇ ಹನಿ ಪೆಟ್ರೋಲಿನಿಂದ ಹೆಚ್ಚು ಕೆಲಸ. 1880ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ ಸಂಕೀರ್ಣ ಸರಳುಗಳ ಜೋಡಣೆಯಿಂದ ಸಾಧಿಸಲು ಹೊರಟದ್ದನ್ನು 1997ರ ಟೊಯೋಟಾ ಪ್ರಿಯಸ್ ವಾಲ್ವ್‌ನ ಹೊತ್ತನ್ನು ತಿದ್ದಿಯೇ ಸಾಧಿಸಿತು. ಹೀಗೆ ಮಾಡಿದಾಗ ಇಂಜಿನ್‌ನ ಎಳೆಯುವ ಬಲ ಕುಗ್ಗುತ್ತದೆ, ಆ ಕೊರತೆಯನ್ನು ವಿದ್ಯುತ್ ಮೋಟಾರ್ ತುಂಬುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿನ ಇಂಜಿನ್ ಕೂಡ ಇದೇ ಅಟ್ಕಿನ್ಸನ್ ಕ್ರಮದ್ದು. ಬಿಎಂಡಬ್ಲ್ಯೂ 2001ರಲ್ಲಿ ತಂದ ವಾಲ್ವೆಟ್ರಾನಿಕ್ ಇನ್ನೂ ಮುಂದೆ ಹೋಗಿ, ವಾಲ್ವ್ ಎಷ್ಟು ತೆರೆಯಬೇಕೆಂಬುದನ್ನೇ ಬದಲಿಸುತ್ತ ಥ್ರಾಟಲ್‌ನ ನಿತ್ಯದ ಕೆಲಸವನ್ನೇ ಕಿತ್ತುಕೊಂಡಿತು.

ಹೊಗೆಯ ವಿಷಯದಲ್ಲೂ ಲಾಭವಿದೆ. ಬೇಕಾದಾಗ ಸ್ವಲ್ಪ ಸುಟ್ಟ ಅನಿಲವನ್ನು ಸಿಲಿಂಡರಿನಲ್ಲೇ ಉಳಿಸಿಕೊಂಡರೆ ಉರಿಯ ಬಿಸಿ ತಗ್ಗಿ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ. ಹಿಂದೆ ಐಡ್ಲಿಂಗ್ ನಡುಗಿಸುತ್ತಿದ್ದ ದೋಷವೇ ಹದವರಿತು ಬಳಸಿದಾಗ ಉಪಕಾರಿಯಾಯಿತು.

ಈ ಸಭೆಯಲ್ಲಿ ಕಾರು ಓಡಿಸುವವರೂ ಇದ್ದೀರಿ, ಮುಂದೆ ಗ್ಯಾರೇಜ್ ನಡೆಸುವವರೂ ಇದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. ಕೆಲವು ಹೊಸ ಇಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟನ್ನು ಜರುಗಿಸುವ ಕೆಲಸವನ್ನು ವಿದ್ಯುತ್ ಮೋಟಾರೇ ಮಾಡುತ್ತದೆ. ಮಿಕ್ಕವುಗಳಲ್ಲಿ ಮಾಡುವುದು ಇಂಜಿನ್ ಆಯಿಲ್. ಅಲ್ಲಿ ಅದು ಸವೆತ ತಪ್ಪಿಸುವ ದ್ರವ ಮಾತ್ರವಲ್ಲ, ಕಂಪ್ಯೂಟರಿನ ಆಜ್ಞೆಯನ್ನು ನಡೆಸುವ ಕೈ. ಆಯಿಲ್ ಹಳತಾಗಿ ಮಡ್ಡಿ ಕಟ್ಟಿದರೆ ಸೊಲೆನಾಯ್ಡ್ ಮುಂದಿನ ಸಣ್ಣ ಜಾಲರಿ ಮುಚ್ಚಿಕೊಳ್ಳುತ್ತದೆ. ಮಟ್ಟ ಇಳಿದರೆ ಒತ್ತಡ ಸಾಲದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೆ ಒಂದೆರಡು ಸೆಕೆಂಡ್ ಕಟಕಟ ಸದ್ದು ಬಂದರೆ ಆ ಲಾಕ್ ಪಿನ್ ಸವೆದಿರಬಹುದು. ಕೈಪಿಡಿಯಲ್ಲಿ ತೆಳು ಆಯಿಲ್ ಎಂದು ಬರೆದಿದ್ದರೆ, ನಮ್ಮ ಸೆಕೆಗೆ ದಪ್ಪನೆಯದೇ ಒಳ್ಳೆಯದೆಂದು ಯಾರಾದರೂ ಹೇಳಿದರೂ ಕೇಳಬೇಡಿ. ಬರೆದಿರುವ ದರ್ಜೆಯದನ್ನೇ ಹಾಕಿಸಿ, ಹೇಳಿದ ಅವಧಿಗೆ ಬದಲಿಸಿ, ಡಿಪ್‌ಸ್ಟಿಕ್ ಎಳೆದು ಆಗಾಗ ನೀವೇ ನೋಡಿ.