ಮುದುಡಿದ ಎರಡು ಬೆರಳುಗಳು: ಪಿಯಾನೋ ವಾದಕ ಲಿಯಾನ್ ಫ್ಲೈಶರ್



ವೈದ್ಯರಾದ ನಮ್ಮನ್ನು ಕರೆದು ಸಂಗೀತದ ವಿಷಯವಾಗಿ ಮಾತನಾಡಲು ಹೇಳಿದ್ದೀರಿ. ಪಾಶ್ಚಾತ್ಯ ಸಂಗೀತದಲ್ಲಿ ನಮ್ಮ ಅರಿವು ಕೇವಲ ಕೇಳುಗರ ಅರಿವು. ಆದ್ದರಿಂದ ಸಂಗೀತಕ್ಕೆ ಸೇರಿದಷ್ಟೇ ನಮ್ಮ ವೃತ್ತಿಗೂ ಸೇರಿದ ಒಬ್ಬ ಕಲಾವಿದರ ಜೀವನವನ್ನು ಆರಿಸಿಕೊಂಡಿದ್ದೇವೆ. ಅವರು ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್.

ಫ್ಲೈಶರ್ ಹುಟ್ಟಿದ್ದು 1928ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಪೂರ್ವ ಯುರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬದಲ್ಲಿ. ಮಗನು ಅಮೆರಿಕದ ಮೊದಲ ಯೆಹೂದಿ ಅಧ್ಯಕ್ಷನಾಗಬೇಕು, ಇಲ್ಲವೇ ಮಹಾನ್ ಪಿಯಾನೋ ವಾದಕನಾಗಬೇಕು ಎಂಬುದು ತಾಯಿಯ ಹಂಬಲ. ನಮ್ಮ ತಾಯ್ತಂದೆಯರು ಡಾಕ್ಟರ್ ಇಲ್ಲವೇ ಇಂಜಿನಿಯರ್ ಎಂಬಲ್ಲಿಗೇ ತೃಪ್ತರಾದರು. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು! ಜಗದ್ವಿಖ್ಯಾತ ಗುರು ಆರ್ಟುರ್ ಶ್ನಾಬೆಲ್ ಹದಿನಾರು ವರ್ಷದೊಳಗಿನವರಿಗೆ ಪಾಠ ಹೇಳುತ್ತಿರಲಿಲ್ಲ. ಹಿತೈಷಿಗಳು ಅವರನ್ನು ಭೋಜನಕ್ಕೆ ಕರೆದು, ಈ ಪುಟ್ಟ ಹುಡುಗನನ್ನು ಗುಟ್ಟಾಗಿ ತಂದು ಪಿಯಾನೋ ಮುಂದೆ ಕೂರಿಸಿದರಂತೆ. ಕೇಳಿದ ಮೇಲೆ ಗುರುವಿಗೆ ಬೇಡವೆನ್ನಲು ಆಗಲಿಲ್ಲ. 1938ರಲ್ಲಿ ಬಾಲಕ ಇಟಲಿಯ ಕೋಮೋ ಸರೋವರದ ದಂಡೆಗೆ ಹೋಗಿ ಅವರ ಶಿಷ್ಯನಾದ.

ಮುಂದಿನದು ಏರುದಾರಿ. 1944ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಡನೆ ಕಛೇರಿ. 1952ರಲ್ಲಿ ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ. ಜಾರ್ಜ್ ಸೆಲ್ ನಿರ್ದೇಶನದ ಕ್ಲೀವ್ಲೆಂಡ್ ವಾದ್ಯವೃಂದದೊಡನೆ ಅವರು ಮುದ್ರಿಸಿದ ಬೀಥೋವನ್ ಮತ್ತು ಬ್ರಾಮ್ಸ್ ಕಾನ್ಸರ್ಟೋಗಳನ್ನು ರಸಿಕರು ಇಂದಿಗೂ ಹುಡುಕಿ ಕೇಳುತ್ತಾರೆ.

1964ರಲ್ಲಿ ಬಲಗೈಯ ಒಂದು ಬೆರಳು ಏಕೋ ಜಡವೆನಿಸಿತು. ದಿನಕ್ಕೆ ಏಳೆಂಟು ಗಂಟೆ ಸಾಧನೆ ಮಾಡುತ್ತಿದ್ದವರು ಇನ್ನೂ ಹೆಚ್ಚು ಸಾಧನೆಗೆ ಕುಳಿತರು. ವರ್ಷ ತುಂಬುವುದರೊಳಗೆ ಉಂಗುರದ ಬೆರಳು ಮತ್ತು ಕಿರುಬೆರಳು ತಾವಾಗಿಯೇ ಅಂಗೈಯೊಳಕ್ಕೆ ಮುದುಡತೊಡಗಿದವು. 1965ರ ಸೋವಿಯತ್ ಪ್ರವಾಸ ಕೈತಪ್ಪಿತು. ಆಗ ಅವರಿಗೆ ಇನ್ನೂ ಮೂವತ್ತಾರು ವರ್ಷ.

ಇಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮ ವೃತ್ತಿಯವರಿಗೆ ಹೆಮ್ಮೆಪಡುವ ಅಂಶ ಕಡಿಮೆ. ನರಗಳೂ ಸ್ನಾಯುಗಳೂ ಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣುತ್ತಿದ್ದವು. ಅವರು ಸೂಜಿ ಚಿಕಿತ್ಸೆ, ಸಂಮೋಹನ, ಮನೋಚಿಕಿತ್ಸೆ ಎಲ್ಲವನ್ನೂ ಅಲೆದರು. ಇಂಥ ತೊಂದರೆಗೆ ನಮ್ಮ ಹಳೆಯ ಪಠ್ಯಗಳಲ್ಲಿ 'ವೃತ್ತಿಜನ್ಯ ಮನೋವಿಕಾರ' ಎಂಬ ಹೆಸರಿತ್ತು. ಬರೆದು ಬರೆದು ಕೈ ಸೆಡೆತು ಹೋಗುವ ಗುಮಾಸ್ತರನ್ನೂ ಅದೇ ಗುಂಪಿಗೆ ಸೇರಿಸಿದ್ದರು. ಇದು ಮನಸ್ಸಿನ ದೌರ್ಬಲ್ಯವಲ್ಲ, ಡಿಸ್ಟೋನಿಯಾ ಎಂಬ ನರಸಂಬಂಧಿ ಕಾಯಿಲೆ ಎಂದು ಲಂಡನ್ನಿನ ಶೀಹಿ ಮತ್ತು ಮಾರ್ಸ್ಡನ್ ಎಂಬ ವೈದ್ಯರು ವಾದಿಸಿದ್ದು 1982ರಲ್ಲಿ. ಮಿದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಪಾಲು ಇರುತ್ತದೆ. ಈ ಕಾಯಿಲೆಯಲ್ಲಿ ಆ ಗದ್ದೆಗಳ ನಡುವಣ ಬದು ಒಡೆದು, ಒಂದರ ನೀರು ಇನ್ನೊಂದಕ್ಕೆ ನುಗ್ಗಿದಂತಾಗುತ್ತದೆ. ಒಂದು ಬೆರಳನ್ನು ಎತ್ತಹೋದರೆ ಪಕ್ಕದ್ದು ಮಡಚಿಕೊಳ್ಳುತ್ತದೆ.

ಈ ಅರಿವು ಬಂದು ವರ್ಷಗಳು ಕಳೆದ ಮೇಲೂ ನಾವು ತಪ್ಪಿದ್ದುಂಟು. ನಾವು ಈ ದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ ಪಿಟೀಲು ಕಲಿಸುವ ಒಬ್ಬ ಮಹಿಳೆ ಬಂದರು. ಕಮಾನು ಹಿಡಿದಾಗ ಮಾತ್ರ ಬೆರಳು ಮುದುಡುತ್ತದೆ, ಚಮಚ ಹಿಡಿದರೆ ಇಲ್ಲ ಎಂದರು. ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು. ನಾವು ಅವರನ್ನು ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಆಕೆ ಮತ್ತೆ ಬರಲಿಲ್ಲ. ಕೆಲಸಕ್ಕೆ ತಕ್ಕಂತೆ ಕಾಣಿಸಿ ಮರೆಯಾಗುವುದೇ ಈ ಕಾಯಿಲೆಯ ಗುರುತು ಎಂಬುದು ನಮಗೆ ಅಂದು ಹೊಳೆಯಲಿಲ್ಲ.

ಫ್ಲೈಶರ್ ಬಹಳ ಕುಗ್ಗಿದರು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಗಡ್ಡ ಬಿಟ್ಟರು, ವೆಸ್ಪಾ ಸ್ಕೂಟರ್ ಕೊಂಡರು. ಕ್ರಮೇಣ ಎಡಗೈಯತ್ತ ತಿರುಗಿದರು. ಮೊದಲನೆಯ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ವಿಯೆನ್ನಾದ ಪೌಲ್ ವಿಟ್ಗೆನ್ಸ್ಟೈನ್ ಅವರಿಗಾಗಿ ರಾವೆಲ್ ರಚಿಸಿದ ಎಡಗೈ ಕಾನ್ಸರ್ಟೋ ಇವರ ಪಾಲಿಗೆ ಊರುಗೋಲಾಯಿತು. ವಾದ್ಯವೃಂದಗಳ ನಿರ್ದೇಶನಕ್ಕೂ ಇಳಿದರು. ಬಾಲ್ಟಿಮೋರಿನ ಪೀಬಡಿ ಸಂಗೀತ ಶಾಲೆಯಲ್ಲಿ 1959ರಿಂದಲೇ ಪಾಠ ಹೇಳುತ್ತಿದ್ದರು. ತಾನು ನುಡಿಸಿ ತೋರಿಸಲಾಗದ ಗುರು, ಬೇಕಾದುದನ್ನು ಮಾತಿನಲ್ಲಿ ಹೇಳಲು ಕಲಿಯಬೇಕಾಯಿತು. ಆಂಡ್ರೆ ವಾಟ್ಸ್, ಯೆಫಿಮ್ ಬ್ರಾನ್ಫ್ಮನ್, ಜೊನಾಥನ್ ಬಿಸ್ ಅವರೆಲ್ಲ ಇವರ ಶಿಷ್ಯರು. ಕೈ ನೆಟ್ಟಗಿದ್ದಿದ್ದರೆ ಇಷ್ಟು ದೊಡ್ಡ ಗುರುವಾಗುತ್ತಿದ್ದರೇ ಎಂಬುದು ನಮ್ಮ ಅನುಮಾನ.

1982ರಲ್ಲಿ ಬಾಲ್ಟಿಮೋರಿನ ಹೊಸ ಸಭಾಂಗಣದ ಉದ್ಘಾಟನೆಯಂದು ಎರಡೂ ಕೈಗಳಿಂದ ನುಡಿಸಿದರು. ಜನ ಮೆಚ್ಚಿದರು, ಅವರಿಗೇ ಸಮಾಧಾನವಾಗದೆ ಮತ್ತೆ ಎಡಗೈಗೆ ಮರಳಿದರು. 1990ರ ದಶಕದಲ್ಲಿ ರೋಲ್ಫಿಂಗ್ ಎಂಬ ಆಳವಾದ ಅಂಗಮರ್ದನದ ಜೊತೆಗೆ ಬೋಟಾಕ್ಸ್ ಚುಚ್ಚುಮದ್ದು ಸೇರಿದಾಗ ಬೆರಳುಗಳು ಸಡಿಲಗೊಂಡವು. ಸುಕ್ಕು ತೆಗೆಯುವ ಮದ್ದೆಂದು ನೀವು ಕೇಳಿರುವ ಅದೇ ಬೋಟಾಕ್ಸ್! ಅದು ಅತಿಯಾಗಿ ಬಿಗಿಯುವ ಸ್ನಾಯುವಿಗೆ ನರದಿಂದ ಬರುವ ಸಂದೇಶವನ್ನು ಕೆಲವು ತಿಂಗಳು ತಡೆಯುತ್ತದೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮದ್ದಿನ ಬಲ ಇಳಿದಂತೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಹೀಗೆ 2004ರಲ್ಲಿ, ನಾಲ್ಕು ದಶಕಗಳ ತರುವಾಯ, 'ಟೂ ಹ್ಯಾಂಡ್ಸ್' ಎಂಬ ಧ್ವನಿಮುದ್ರಿಕೆ ಹೊರಬಂದಿತು. 2020ರ ಆಗಸ್ಟ್‌ನಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಮ್ಮ ಮಕ್ಕಳನ್ನು ಶನಿವಾರ ಬೆಳಗ್ಗೆ ಪಿಯಾನೋ ಪಾಠಕ್ಕೆ, ಸಂಜೆ ವೀಣೆಗೆ ಕರೆದೊಯ್ಯುವವರು ಈ ಸಭೆಯಲ್ಲಿ ಅನೇಕರಿದ್ದೀರಿ. ಬೆರಳು ಹೇಳಿದ ಮಾತು ಕೇಳುತ್ತಿಲ್ಲವೆಂದು ಮಗು ಹೇಳಿದರೆ, ಇನ್ನೂ ಅರ್ಧ ಗಂಟೆ ಸಾಧನೆ ಮಾಡು ಎನ್ನುವ ಮುನ್ನ ವಾದ್ಯವನ್ನು ಮುಚ್ಚಿಸಿ, ನರರೋಗ ತಜ್ಞರಿಗೆ ತೋರಿಸಿರಿ. ತಜ್ಞರು ಏನೂ ಇಲ್ಲವೆಂದರೆ, ಮಗು ವಾದ್ಯ ನುಡಿಸುತ್ತಿರುವಾಗಲೇ ಕೈಯನ್ನು ನೋಡುವಂತೆ ಕೇಳಿರಿ.

ಆ ಧ್ವನಿಮುದ್ರಿಕೆಯನ್ನು ತಂದಿದ್ದೇವೆ. ಕಾಫಿಗೆ ಏಳುವ ಮೊದಲು ಅದರಲ್ಲಿನ ಬಾಕ್ ಅವರ ಒಂದು ಪುಟ್ಟ ರಚನೆಯನ್ನು ಕೇಳೋಣ.